ಇಳಿಜಾರಿನ ಅರ್ಧ ಮೈಲು

ನನ್ನ ಹತ್ತಿರ ಸೈಕಲ್ ಇತ್ತು, ಆದರೆ ನಾನು ಅದರ ಮೇಲೆ ಕೂತದ್ದಕ್ಕಿಂತ ಅದರ ಪಕ್ಕದಲ್ಲಿ ನಡೆದದ್ದೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಪ್ಪತ್ತರ ದಶಕದ ಸೊಲ್ಲಾಪುರದಲ್ಲಿ, ಮಂಗಳವಾರ ಪೇಟೆಯ ನಮ್ಮ ಓಣಿಯಲ್ಲಿ, ಎದುರಿಗೆ ಹಿರಿಯರು ಬಂದರೆ ಸೈಕಲ್ ಇಳಿಯಬೇಕು, ನಮಸ್ಕಾರ ಹೇಳಬೇಕು, ಅವರು ದಾಟಿದ ಮೇಲೆ ಮತ್ತೆ ಹತ್ತಬೇಕು. ನಮ್ಮ ಓಣಿಯಲ್ಲಿ ಹಿರಿಯರಿಗೆ ಬರವಿರಲಿಲ್ಲ. ಮನೆಯಿಂದ ನಮ್ಮ ಚಾದರದ ಅಂಗಡಿಗೆ ನಡೆದು ಹೋದರೆ ಹತ್ತು ನಿಮಿಷ, ಸೈಕಲ್ ಮೇಲೆ ಹೋದರೆ ಹದಿನೈದು. ಆದರೂ ಸೈಕಲ್ ಇದ್ದವನು ಸೈಕಲ್ ಬಿಟ್ಟು ಹೋದರೆ ಜನ ಏನೆಂದುಕೊಂಡಾರು ಎಂದು ದಿನವೂ ಅದನ್ನು ಕರೆದುಕೊಂಡು ಹೋಗುತ್ತಿದ್ದೆ.

ಆಗ ಎಲ್ಲರೂ ನಡೆಯುತ್ತಿದ್ದರು, ಆದರೆ ನಡೆಯಲೆಂದೇ ನಡೆಯುವವರು ಯಾರೂ ಇರಲಿಲ್ಲ. ಬಟ್ಟೆ ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗಿತೆಂದರೆ ಊಟದ ಡಬ್ಬಿ ಜೋತುಬಿಟ್ಟ ಸೈಕಲ್ಲುಗಳು ರಸ್ತೆಯ ತುಂಬ ಹರಿಯುತ್ತಿದ್ದವು. ಅದು ಹೊಟ್ಟೆಪಾಡಿನ ಸವಾರಿ. ಹೆಂಗಸರು ಗುಡಿಗೆ, ಬಾಣಂತಿಯನ್ನು ನೋಡಲಿಕ್ಕೆ, ಸತ್ತವರ ಮನೆಗೆ ನಡೆಯುತ್ತಿದ್ದರು. ಗಂಡಸರು ಅಂಗಡಿಗೆ, ಅಂಚೆಕಚೇರಿಗೆ, ತಮ್ಮನಿಗೆ ಹೆಣ್ಣು ನೋಡಲಿಕ್ಕೆ. ಕೆಲಸವಿಲ್ಲದೆ ನಡೆಯುವವನಿಗೆ ನಮ್ಮಲ್ಲಿ ಉಡಾಳ ಎಂಬ ಒಂದೇ ಹೆಸರಿತ್ತು.

ಇದರ ಮೇಲೆ ನಿಗಾ ಇಡಲು ನಮ್ಮ ಬಾಗಿಲ ಕಟ್ಟೆಯ ಮೇಲೆ ಅವ್ವ ಕೂತಿರುತ್ತಿದ್ದಳು, ತೊಡೆಯ ಮೇಲೆ ಜೋಳದ ಮೊರ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ನಮ್ಮ ಕಡೆಯ ನಂಬಿಕೆ. ಹಾಗೆಂದು ಕೇಳದೆ ಬಿಡಲಾಗುತ್ತದೆಯೇ? ಅದಕ್ಕೇ ಅವ್ವ, “ದೂರ ಹೊಂಟೀಯೇನು?” ಎನ್ನುತ್ತಿದ್ದಳು. ಹತ್ತಿರ ಹೋದರೂ ದೂರ ಹೋದರೂ ಅದೇ ಪ್ರಶ್ನೆ. ಅಂಗಡಿಗೆ, ಗಿರಣಿಗೆ, ಗುಡಿಗೆ ಎಂದು ನಾವು ಕಾರಣ ಹೇಳಬೇಕು. ಕಾರಣ ಅವಳಿಗೆ ಒಪ್ಪಿಗೆಯಾದರೆ “ಲಗೂನ ಬಾ” ಎಂದು ಬೇಗ ಮರಳುವ ಅಪ್ಪಣೆ ಆಗುತ್ತಿತ್ತು. ನನಗೆ ಆಗ ಮೂವತ್ತೈದು ದಾಟಿತ್ತು, ಇಬ್ಬರು ಮಕ್ಕಳಿದ್ದರು. ಆದರೂ ಆ ಕಟ್ಟೆ ದಾಟುವಾಗ ಸಾಲಿ ತಪ್ಪಿಸಿದ ಹುಡುಗನ ಎದೆ ನನ್ನದು.

ನನ್ನ ಹೆಂಡತಿ ಶಾಂತಾ. ಅವಳ ತವರು ಮಂಗಳವೇಢೆ ಕಡೆಯ ನಂದೇಶ್ವರ. ಅಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಎರಡು ಮೈಲು ದೂರದ ಹೊಲಕ್ಕೆ ಹೋಗಿಬರುತ್ತಿದ್ದವಳು, ನಮ್ಮ ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ ನಡೆದಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಾವಿಬ್ಬರೇ ರಸ್ತೆಯಲ್ಲಿ ನಡೆದದ್ದಿಲ್ಲ. ಗುಡಿಗೆ ಹೊರಟರೆ ನಾನು ಹತ್ತು ಹೆಜ್ಜೆ ಮುಂದೆ, ಹಿಂದೆ ಅವ್ವ, ಅವ್ವನ ಹಿಂದೆ ಅವಳು. ಗಂಡಹೆಂಡಿರು ಜೊತೆಜೊತೆಯಾಗಿ ನಡೆಯುವುದು ಸಿನಿಮಾದವರ ಕೆಲಸ ಎಂದು ಓಣಿಯ ಅಭಿಪ್ರಾಯವಾಗಿತ್ತು. ನನ್ನದೂ ಬೇರೆ ಇರಲಿಲ್ಲ.

ಒಂದು ಸಲ ನನಗೆ ಟೈಫಾಯ್ಡ್ ಬಂತು. ವಾರಗಟ್ಟಲೆ ಹಾಸಿಗೆ ಹಿಡಿದೆ. ಒಂದು ಮಧ್ಯಾಹ್ನ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತ ಶಾಂತಾ ಮೆಲ್ಲಗೆ ಅಂದಳು:

“ನೆಟ್ಟಗಾದ ಮ್ಯಾಲ ಒಂದಿನಾ ಕೆರಿ ಸುತ್ತ ತಿರಗ್ಯಾಡಿ ಬರೂಣ್ರಿ. ಇಬ್ಬರ.”

“ಯಾಕ?”

“ಸುಮ್ಮನ.”

“ಅವ್ವಗ ಏನಂತ ಹೇಳೂದು?”

ಅವಳು ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದಳು. ಜ್ವರದ ಭರದಲ್ಲಿ ಹಾಗೆ ಕೇಳಿದೆ ಎಂದು ಈಗ ತಪ್ಪಿಸಿಕೊಳ್ಳಬಹುದು. ಆದರೆ ಜ್ವರವಿಲ್ಲದಿದ್ದರೂ ನಾನು ಅದನ್ನೇ ಕೇಳುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎದ್ದು ಕೂತು ಗಂಜಿ ಕುಡಿಯುವ ಹೊತ್ತಿಗೆ ನನ್ನ ಹೆಸರಿನಲ್ಲಿ ಒಂದು ಹರಕೆ ಇರುವುದು ತಿಳಿಯಿತು. ‘ಇವರು ನೆಟ್ಟಗಾದರ ಅಕ್ಕಲಕೋಟಿ ಸ್ವಾಮಿಗೋಳ ಗುಡಿಗಿ ನಡಕೋತ ಕಳಸ್ತೀನಿ’ ಎಂದು ಶಾಂತಾ ಬೇಡಿಕೊಂಡಿದ್ದಳು. ಹರಕೆಯ ಶಾಸ್ತ್ರದಲ್ಲಿ ಇದೊಂದು ವಿಚಿತ್ರ: ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ತಾಯಿ ಹರಕೆ ಹೊತ್ತರೆ ಬೋಳಾಗುವುದು ಮಗುವಿನ ತಲೆ. ನಮ್ಮ ಅತ್ತಿಗೆ ಯಾವುದೋ ಕಷ್ಟದಲ್ಲಿ ದೇವರಿಗೆ ಅಣ್ಣನ ಚಹಾ ಬಿಟ್ಟುಕೊಟ್ಟಿದ್ದಳು. ಪಾಪ, ಅವನು ಒಂದು ವರ್ಷ ಬಿಸಿನೀರು ಕುಡಿದ. ನನ್ನ ಹೆಂಡತಿ ನನ್ನ ಕಾಲು ಕೊಟ್ಟಿದ್ದಳು. ಅಕ್ಕಲಕೋಟೆ ಅಲ್ಲೇ ಪಕ್ಕದಲ್ಲೇನೂ ಇಲ್ಲ, ಇಪ್ಪತ್ತನಾಲ್ಕು ಮೈಲು.

ಹರಕೆಯನ್ನು ನಾನು ವಕೀಲರ ಹಾಗೆ ಓದಿದೆ. ಹೋಗುವುದು ನಡೆದು, ಬರುವುದರ ಬಗ್ಗೆ ಮಾತೇ ಇಲ್ಲ. ಆದ್ದರಿಂದ ಸೈಕಲ್ಲನ್ನು ಜೊತೆಗೆ ಒಯ್ಯುವುದು, ಹೋಗುವಾಗ ತಳ್ಳುವುದು, ಬರುವಾಗ ಹತ್ತುವುದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು, ಕಡಕ್ ಜೋಳದ ಭಕ್ಕರಿ ಮತ್ತು ಶೇಂಗಾ ಚಟ್ನಿಯ ಗಂಟನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಬೆಳಗಿನ ಜಾವ ಹೊರಟೆ.

ನಡೆಯುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಸೈಕಲ್ ಹೊಡೆಯುವವನನ್ನೂ ನೋಡುವುದಿಲ್ಲ. ಆದರೆ ಸೈಕಲ್ ಹಿಡಿದು ನಡೆಯುವವನನ್ನು ಕಂಡರೆ ಲೋಕಕ್ಕೆ ಕರುಣೆ ಉಕ್ಕಿ ಬರುತ್ತದೆ. ಊರು ದಾಟುವ ಮೊದಲೇ ನಾಲ್ಕು ಮಂದಿ ಕೇಳಿದರು: “ಪಂಚರ ಆಗ್ಯಾದೇನ್ರಿ?” ಮೊದಲಿನವರಿಗೆ ಟೈಫಾಯ್ಡಿನಿಂದ ಹಿಡಿದು ಪೂರ್ತಿ ಕಥೆ ಹೇಳಿದೆ. ಕುಂಭಾರಿಯಲ್ಲಿ ಸೈಕಲ್ ಅಂಗಡಿಯವನು ಪಂಪು ಹಿಡಿದೇ ಹೊರಗೆ ಬಂದ. “ಪಂಚರ ಝಾಲೀ ಕಾ, ಶೇಠ?” ಎಂದು ಮರಾಠಿಯಲ್ಲಿ ಅದನ್ನೇ ಕೇಳಿ ಎರಡೂ ಗಾಲಿ ಒತ್ತಿ ನೋಡಿದ. ಎರಡೂ ಗಟ್ಟಿ ಇದ್ದವು. ಆಮೇಲೆ ನನ್ನ ಮುಖ ನೋಡಿದ, ಗಾಳಿ ಕಡಿಮೆ ಇರುವುದು ಇಲ್ಲಿ ಎಂಬಂತೆ. ಮುಂದಿನ ಊರಿನಲ್ಲಿ ಬೇಸರ ಬಂದು “ಹೌದ್ರಿ, ಪಂಚರ” ಎಂದುಬಿಟ್ಟೆ. ಅದು ಇನ್ನೂ ದೊಡ್ಡ ತಪ್ಪು. ಪುಣ್ಯಾತ್ಮರು ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಚಹಾ ತರಿಸಿ, ಗಾಲಿ ಬಿಚ್ಚಿ, ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕಿದರು. ಇಲ್ಲದ ತೂತು ಸಿಗುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅದೂ ಅವರೇ ಮಾಡಿದ್ದು.

ವಳಸಂಗ ದಾಟಿದ ಮೇಲೆ ಕುರಿಹಿಂಡಿನ ಹಿಂದೆ ಬರುತ್ತಿದ್ದ ಒಬ್ಬ ಹಿರಿಯ ಸಿಕ್ಕ. ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಬೀರೋಬ ದೇವರ ಅರಿಶಿನದ ಭಂಡಾರ. ಚಪಳಗಾಂವದವನಂತೆ.

“ಪಂಚರೇನ್ರಿ?”

“ಇಲ್ಲ ಮಾಮಾ. ಹರಕಿ ಅದ. ನಡಕೋತ ಹೊಂಟೀನಿ.”

“ಮತ್ತ ಈ ಸೈಕಲ್?”

“ಬರೂವಾಗ ಬೇಕಲ್ಲ.”

ಅವನು ಸೈಕಲ್ಲನ್ನೂ ನನ್ನನ್ನೂ ಒಂದು ಸುತ್ತು ನೋಡಿದ. “ಹಂಗಾರ ಹರಕಿ ಸೈಕಲ್ಲಿಂದೂ ಆತಲ್ರಿ. ಅದೂ ನಡಕೋತನ ಹೊಂಟದ.”

ಮಾತು ಬೇರೆ ಕಡೆ ತಿರುಗಿಸಲು ನಾನು, “ನೀವು ದಿನಾ ಎಷ್ಟು ನಡೀತೀರಿ ಮಾಮಾ?” ಎಂದೆ.

“ನಾ ಎಲ್ಲಿ ನಡೀತೀನ್ರಿ? ಕುರಿ ನಡೀತಾವ. ನಾ ಹಿಂದ ಇರ್ತೀನಿ.”

ಅವನು ಕುರಿಗಳೊಂದಿಗೆ ಹೊಲಕ್ಕೆ ಇಳಿದು ಮರೆಯಾದ. ಮುಂದೆ ರಸ್ತೆ ಹಳ್ಳದ ಕಡೆಗೆ ಇಳಿಜಾರಾಗಿತ್ತು. ಸಂತೆಯಿಂದ ಮನೆ ಕಡೆ ತಿರುಗಿದ ಎತ್ತಿನ ಹಾಗೆ ಸೈಕಲ್ ತಾನೇ ಮುಂದೆ ಎಳೆಯತೊಡಗಿತು. ನನ್ನ ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. ಹಿಂದೆ ನೋಡಿದೆ, ಮುಂದೆ ನೋಡಿದೆ. ಹತ್ತಿದೆ. ಪೆಡಲ್ ಕೂಡ ತುಳಿಯಲಿಲ್ಲ, ಅರ್ಧ ಮೈಲು ಬರೀ ಗಾಳಿ. ಮದುವೆಯಲ್ಲಿ ಕುದುರೆಯ ಮೇಲೆ ಕೂತಾಗಲೂ ಅಷ್ಟು ಸುಖವಾಗಿರಲಿಲ್ಲ. ಹಳ್ಳದ ಹತ್ತಿರ ಇಳಿದಾಗ ಮಾತ್ರ ಹರಕೆ ಮುರಿದದ್ದು ಅರಿವಾಯಿತು. ಅಲ್ಲಿಂದ ಉಳಿದ ಹಾದಿಯನ್ನು ಒಂದು ಹೆಜ್ಜೆಯೂ ಬಿಡದೆ ನಡೆದು ದೀಪ ಹಚ್ಚುವ ಹೊತ್ತಿಗೆ ಅಕ್ಕಲಕೋಟೆ ಮುಟ್ಟಿದೆ. ಮರುದಿನ ಕಾಲು ನೆಲಕ್ಕೆ ಊರಲು ಬರಲಿಲ್ಲ. ಬರುವಾಗ ಹತ್ತಲೆಂದು ಒಯ್ದ ಸೈಕಲ್ ಎಸ್‌.ಟಿ. ಬಸ್ಸಿನ ಮೇಲೆ ಹತ್ತಿ ಬಂತು. ನಾನು ಒಳಗೆ ನಿಂತು ಬಂದೆ.

ಮನೆಯಲ್ಲಿ ಶಾಂತಾ ನನ್ನ ಕಾಲು ಬಿಸಿನೀರಿನಲ್ಲಿ ತೊಳೆದು ಬೊಕ್ಕೆಗಳಿಗೆ ಎಣ್ಣೆ ಹಚ್ಚತೊಡಗಿದಳು. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಬಹುದಿತ್ತು. ಕೇಳದೆ ಎಣ್ಣೆ ಹಚ್ಚುವವಳ ಎದುರು ಸುಳ್ಳು ಬಾಯಿಗೆ ಬರುವುದಿಲ್ಲ. ಇಳಿಜಾರಿನ ಅರ್ಧ ಮೈಲು ಹೇಳಿಬಿಟ್ಟೆ. ಅವಳ ಕೈ ನಿಂತಿತು. ನನ್ನ ಜೀವಕ್ಕೆ ಹೊತ್ತ ಹರಕೆ ಅಲ್ಲವೇ, ಹೆದರಿದಳು. ನೆಟ್ಟಗೆ ಅವ್ವನ ಹತ್ತಿರ ಹೋದಳು.

ಅವ್ವ ಮೊರದಿಂದ ತಲೆ ಎತ್ತದೆ ತೀರ್ಪು ಕೊಟ್ಟಳು: “ಉಳದದ್ದು ನಡೀಬೇಕು. ಅರ್ಧ ಮೈಲಕ್ಕ ಮತ್ತ ಅಕ್ಕಲಕೋಟಿಗಿ ಹೋಗೂದೇನು ಬ್ಯಾಡ. ನಮ್ಮ ಸಿದ್ಧೇಶ್ವರನ ಕೆರಿ ಸುತ್ತ ನಡೀಲಿ.”

ಶಾಂತಾ ಸೆರಗು ಸರಿಮಾಡಿಕೊಂಡು ಅಂದಳು: “ಹರಕಿ ಹೊತ್ತಾಕಿ ನಾನಲ್ಲೇನ್ರಿ ಅತ್ತಿ? ನಾ ಜೋಡಿ ಹೋಗಿ ನೋಡಬೇಕು. ಇವರು ಮತ್ತ ಸೈಕಲ್ ಹತ್ತಿದ್ರ?”

ಅವ್ವ ನನ್ನನ್ನು ನೋಡಿದಳು. ನಂಬಿಕಸ್ಥನ ಮುಖ ನನ್ನದಾಗಿರಲಿಲ್ಲ. “ಹೂಂ, ಹೋಗು. ಲಗೂನ ಬರ್ರಿ.”

ಹೀಗೆ ಹನ್ನೊಂದು ವರ್ಷಗಳ ಮೇಲೆ ನಾವಿಬ್ಬರೂ ನಡುವೆ ಸಿದ್ಧೇಶ್ವರನ ಗುಡಿ ಇರುವ ಕೆರೆಯ ದಂಡೆಗೆ ಬಂದೆವು. ಅಲ್ಲಿ ನನಗೊಂದು ಸಂಗತಿ ತಿಳಿಯಿತು: ಶಾಂತಾ ನನಗಿಂತ ಬಿರುಸಾಗಿ ನಡೆಯುತ್ತಾಳೆ. ಹೊಲದ ಹಾದಿಯ ನಡಿಗೆ ಅದು. ಏದುಸಿರು ಬಿಡುತ್ತ ಹಿಂದೆ ಬಿದ್ದವನು ನಾನು. ಇಷ್ಟು ವರ್ಷ ನಾನು ಹತ್ತು ಹೆಜ್ಜೆ ಮುಂದೆ ಇದ್ದದ್ದು ಅವಳು ನಿಧಾನ ಮಾಡಿದ್ದರಿಂದ. ಅದನ್ನು ಹೇಳಿದರೆ ನಕ್ಕಳು. ರಸ್ತೆಯಲ್ಲಿ ಅವಳು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅರ್ಧ ಮೈಲು ಆ ಒಂದೇ ಸಂಜೆಗೆ ತೀರಬೇಕಾಗಿತ್ತು. ಆದರೆ ನಡುವೆ ನಿಂತು ಶೇಂಗಾ ತಿಂದೆವು, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದಳು ಶಾಂತಾ. ಎರಡನೆಯ ದಿನ ನಾನು ಕುಂಟಿದೆ, ಅದೂ ಬರುವುದಿಲ್ಲ. ವಾರ ಕಳೆಯಿತು. “ಇನ್ನೂ ಎಷ್ಟು ಉಳೀತು?” ಎಂದು ಅವ್ವ ಕೇಳತೊಡಗಿದಾಗ ನಾನು ಎದೆ ಗಟ್ಟಿಮಾಡಿ ಹೊಸ ತಪ್ಪೊಂದನ್ನು ಒಪ್ಪಿಕೊಂಡೆ: ಕುಂಭಾರಿಯ ಹತ್ತಿರವೂ ಒಂದು ಮೈಲು ಸೈಕಲ್ ಹತ್ತಿದ್ದೆ. ಶಾಂತಾ ನನ್ನ ಕಡೆ ನೋಡಿ ಚಪ್ಪಲಿ ಮೆಟ್ಟಿದಳು. ಹದಿನೈದು ದಿನ ಬಿಟ್ಟು ಇನ್ನೆರಡು ಮೈಲು ನೆನಪಾಯಿತು. ಆಮೇಲೆ ವಳಸಂಗದಿಂದಾಚೆ ಮೂರು. ಮಾಡದ ಪಾಪವನ್ನು ಇಷ್ಟು ಉತ್ಸಾಹದಿಂದ ಒಪ್ಪಿಕೊಂಡವನು ಸೊಲ್ಲಾಪುರದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಕೆರೆಯ ದಂಡೆಯಲ್ಲಿ ನಾವು ದೊಡ್ಡ ಮಾತೇನೂ ಆಡಲಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ಗಿರಣಿಯ ಭೋಂಗಾ ಕೇಳಿ ಯಾರೋ ಅಳುತ್ತಿದ್ದಾರೆಂದು ಹೆದರಿದ್ದನ್ನು ಅವಳು ಹೇಳಿದಳು. ಹನ್ನೊಂದು ವರ್ಷ ಅದನ್ನು ಹೇಳುವುದಕ್ಕೆ ಮನೆಯಲ್ಲಿ ಜಾಗ ಸಿಕ್ಕಿರಲಿಲ್ಲ. ಪ್ರದಕ್ಷಿಣೆ ಎಂಬುದನ್ನು ಕಂಡುಹಿಡಿದವರು ಬಲು ಜಾಣರು ಎಂದು ನನಗೆ ಆಗ ಅನಿಸುತ್ತಿತ್ತು. ಅದರಲ್ಲಿ ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ತರುವುದಿಲ್ಲ, ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಆದರೆ ನಡುವೆ ದೇವರಿರುವುದರಿಂದ ಯಾರೂ ಉಡಾಳ ಅನ್ನುವುದಿಲ್ಲ.

ಒಂದು ಸಂಜೆ ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಕರೆದಳು.

“ಏನಪಾ, ನೀ ಇಷ್ಟೆಲ್ಲಾ ಸೈಕಲ್ ಹೊಡದಿದ್ರ ಮಧ್ಯಾಹ್ನಕ್ಕ ಅಕ್ಕಲಕೋಟಿ ಮುಟ್ಟಬೇಕಾಗಿತ್ತು. ದೀಪ ಹಚ್ಚೂ ಹೊತ್ತಿಗಿ ಮುಟ್ಟೀನಿ ಅಂತ ನೀನ ಹೇಳೀದಿ.”

ನಾನು ಚಪ್ಪಲಿ ನೋಡಿದೆ. ಶಾಂತಾ ನೆಲ ನೋಡಿದಳು.

“ಹರಕಿ ಎಂದೋ ತೀರ್ಯಾದ. ದೇವರ ಹೆಸರಲೆ ಸುಳ್ಳು ಹೇಳಬ್ಯಾಡ್ರಿ.”

ಅಂದು ನಾವು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಶಾಂತಾ ಎಂದಿನಂತೆ ಅಡುಗೆಮನೆಯಿಂದ ಹಿತ್ತಲಿಗೆ ನಡೆದಳು. ಆ ಎರಡು ಸಂಜೆ ಅವಳ ಹೆಜ್ಜೆಯ ಸಪ್ಪಳ ಕೇಳುವುದು ನನ್ನಿಂದಾಗಲಿಲ್ಲ. ಟೈಫಾಯ್ಡಿನಲ್ಲಿ ಕೂಡ ನನಗೆ ಅಷ್ಟು ಸಂಕಟವಾಗಿರಲಿಲ್ಲ, ಇದು ನಿಜ.

ಮೂರನೆಯ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಟ್ಟೆಯಿಂದ ಅವ್ವನ ದನಿ ಬಂತು. “ಯಾಕ, ಇವತ್ತೂ ಹೋಗಂಗಿಲ್ಲೇನು?”

“ಹರಕಿ ತೀರ್ಯಾದಲ್ಲವ್ವಾ,” ಎಂದೆ.

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು, ಬಾಗಿಲಿಗೆ ಅಡ್ಡವಾಗಿ ಚಾಚಿದ್ದ ಕಾಲನ್ನು ಮಡಚಿಕೊಂಡಳು. ಕೈ ಒರೆಸಿಕೊಳ್ಳುತ್ತ ಶಾಂತಾ ಅಡುಗೆಮನೆಯಿಂದ ಬಂದು ನಿಂತಿದ್ದಳು. ನಾವು ಇನ್ನೂ ಚಪ್ಪಲಿ ಕೂಡ ಹಾಕಿರಲಿಲ್ಲ, ಆಗಲೇ ಅವ್ವ ತನ್ನ ಮಾಮೂಲಿ ಪ್ರಶ್ನೆ ಕೇಳಿದಳು.

“ದೂರ ಹೊಂಟೀರೇನು?”

ನಾನು ಬಾಯಿ ತೆರೆದೆ. ಗುಡಿ, ತರಕಾರಿ, ಔಷಧದ ಅಂಗಡಿ, ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಶಾಂತಾ ಹೇಳಿಬಿಟ್ಟಳು.

“ಇಲ್ರಿ ಅತ್ತಿ. ಇಲ್ಲೇ, ಕೆರಿ ತನಕ. ಸುಮ್ಮನ.”

ಅವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಜೋಳದಲ್ಲಿ ಬೆರಳಾಡಿಸಿದಳು.

“ಹಂಗಾರ ಸಾವಕಾಶ ಬರ್ರಿ.”