ಬೇಲಿಗೆ ಹೋಗಿ ಬರುತ್ತಿದ್ದ ಬ್ಯಾಟರಿ

ಹಳೇ ಕಾರಿನ ಹುಚ್ಚು ಹಿಡಿದ ಎಸ್ಟೇಟ್ ಮಾಲೀಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಲ್ದೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡು ಕೂತಿದ್ದೇನೆ, ಇವರ ಪೈಕಿ ಎಂಥೆಂಥವರನ್ನೋ ನೋಡಿದ್ದೇನೆ. ಅಪ್ಪ ಬದುಕಿರುವವರೆಗೆ ಬಾನೆಟ್ ಎತ್ತಿ ನೋಡಿದವರಲ್ಲ. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಕಾರು ಮನೆತನದ ಗೌರವವಾಗಿ ಬಿಡುತ್ತದೆ. ಅದರ ಮುಂದೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಡೈನಮೋ ಎಲ್ಲಿದೆ ಎಂದು ಕೇಳಿದರೆ ಡಿಕ್ಕಿಯ ಕಡೆ ಕೈ ತೋರಿಸಿದವರೂ ಇದ್ದಾರೆ.

ಬಾಳೂರು ಕಡೆಯ ಒಬ್ಬ ಸಾಹುಕಾರರು ಹೀಗೇ ಒಂದು ದಿನ ಫೋನ್ ಮಾಡಿದರು. ಅವರ ತಂದೆಯ ಕಾಲದ, ಇಂಗ್ಲೆಂಡಿನಿಂದ ಬಂದ ಕರಿ ಕಾರು. ತೋಟದ ನಡುವೆ ಹೊಸದಾಗಿ ಹೋಂಸ್ಟೇ ಕಟ್ಟಿಸಿದ್ದರು. ಬಂದ ಅತಿಥಿಗಳನ್ನು ಅದರಲ್ಲಿ ಒಂದು ಸುತ್ತು ಹೊಡೆಸಬೇಕಂತೆ.

"ಎಲ್ಲ ಮಾಡ್ರನ್ ಆಗ್ಬೇಕು ಮಾರಾಯ. ಆದ್ರೆ ಹಳೇದರ ಹಾಗೇ ಕಾಣ್ಬೇಕು. ಎಲ್‌ಇಡಿ ಲೈಟು, ಹಿಂದಿನ ಸೀಟಲ್ಲಿ ಮೊಬೈಲ್ ಚಾರ್ಜರು, ಒಂದು ಒಳ್ಳೇ ಹಾರನ್ನು."

ಜೀಪು ಹತ್ತಿ ಹೋದೆ. ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಡ್ರೈವರು, "ಬೇಲಿಗೆ ಹೋಗಿದೆ, ತರ್ತೀನಿ ಇರಿ" ಎಂದು ಹೊರಟ. ಆನೆ ಬಾರದ ಹಾಗೆ ತೋಟದ ಸುತ್ತ ಕರೆಂಟಿನ ತಂತಿ ಬೇಲಿ ಹಾಕಿಸಿದ್ದರು. ಅದರ ಮಿಷನ್ನಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಹೊಸದು ತರಿಸುವ ಬದಲು ಕಾರಿನದನ್ನು ಸಂಜೆ ಬಿಚ್ಚಿ ಬೇಲಿಗೆ ಕೊಡುವುದು, ಕಾರು ಹೊರಡುವ ದಿನ ಬೆಳಿಗ್ಗೆ ತಂದು ಕಾರಿಗೆ ಹಾಕುವುದು. ಈ ಸೀಮೆಯಲ್ಲಿ ಇದೇನು ಹೊಸದಲ್ಲ. ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬೇಲಿಗೆ ಕೊಟ್ಟು ಟ್ರ್ಯಾಕ್ಟರನ್ನು ಆಳುಗಳ ಕೈಲಿ ತಳ್ಳಿಸುವ ಮಹಾನುಭಾವರೂ ಇದ್ದಾರೆ. ಹೋಂಸ್ಟೇಗೆ ಇಟಲಿಯ ನಲ್ಲಿ ಬರುತ್ತದೆ, ಬೇಲಿಗೆ ಒಂದು ಬ್ಯಾಟರಿ ಬರುವುದಿಲ್ಲ.

ಡ್ರೈವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ದೊಡ್ಡ ಸಾಹುಕಾರರ ಕಾಲದಿಂದ ಆ ಕಾರನ್ನು ಅವನೊಬ್ಬನೇ ಓಡಿಸುತ್ತಿದ್ದ. ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ತಂದು, ಕಣ್ಣು ಮುಚ್ಚಿಕೊಂಡು ಮಾಡಿದಷ್ಟು ಸಲೀಸಾಗಿ ಜೋಡಿಸಿದ. ಪ್ಲಸ್ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಮೈನಸ್ ಸ್ಟಾರ್ಟರಿನ ವೈರಿಗೆ. ಆ ಕಾಲದ ಇಂಗ್ಲೆಂಡಿನ ಕಾರುಗಳ ಪದ್ಧತಿಯೇ ಹಾಗೆ, ಈಗಿನ ಗಾಡಿಗಳಿಗೆ ಪೂರಾ ಉಲ್ಟಾ.

ಒಳಗಿನ ವೈರಿಂಗ್ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಟ್ಟೆ ಸುತ್ತಿದ ಹಳೇ ವೈರು ಇಲಿ ತಿಂದು ಉಳಿದದ್ದು. ಜಾಯಿಂಟಿಗೆ ಗಾಯಕ್ಕೆ ಹಾಕುವ ಪ್ಲಾಸ್ಟರು. ಫ್ಯೂಸಿನ ಜಾಗದಲ್ಲಿ ಬೇಲಿ ತಂತಿಯ ತುಂಡು. ಹಿಂದಿನ ತಿಂಗಳು ಹಾರನ್ ಒತ್ತಿದಾಗ ಡ್ಯಾಶ್‌ಬೋರ್ಡಿನಿಂದ ಹೊಗೆ ಬಂದಿತ್ತಂತೆ. ಬಾರದೆ ಇನ್ನೇನು? ಆ ತಂತಿಗೆ ಆನೆ ತಡೆಯುವ ತಾಕತ್ತಿತ್ತು, ಸುಟ್ಟು ಹೋಗಿ ಕಾರು ಉಳಿಸುವ ಬುದ್ಧಿ ಎಲ್ಲಿಂದ ಬರಬೇಕು?

ಊಟದ ಹೊತ್ತಿಗೆ ಡ್ರೈವರು ನನ್ನ ಪಕ್ಕ ಬಂದು ಕೂತ.

"ಮೇಸ್ತ್ರಿ, ಸಾವ್ಕಾರ್ರಿಗೆ ಒಂದು ಮಾತು ಹೇಳಿ. ವೈರು ಹಳೇದಾಗಿದ್ದಕ್ಕೆ ಹೊಗೆ ಬಂದಿದ್ದು, ಇವನ ಕೈ ತಪ್ಪಲ್ಲ ಅಂತ. ಇನ್ನೊಂದು ಸಲ ಹೀಗಾದ್ರೆ ಕೀ ಕೊಟ್ಟು ಮನೆಗೆ ಹೋಗು ಅಂದಿದಾರೆ. ಕಾರು ಬಿಟ್ರೆ ನಂಗೆ ಇಲ್ಲಿ ಬೇರೆ ಕೆಲಸ ಇಲ್ಲ. ಕೆಲಸ ಹೋದ್ರೆ ಕೊಟ್ಟಿರೋ ಮನೇನೂ ಬಿಡ್ಬೇಕು."

"ಹೇಳುವಾ ಬಿಡಿ" ಎಂದೆ. ಹೇಳಲಿಲ್ಲ. ಮರೆತದ್ದಲ್ಲ, ಡ್ರೈವರ ಪರ ವಕಾಲತ್ತು ವಹಿಸುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಅಲ್ಲದೆ, ಫ್ಯೂಸಿನ ಜಾಗಕ್ಕೆ ತಂತಿ ಹಾಕಿದವನು ಇವನೇ ಇರಬೇಕು ಎಂಬ ತಾತ್ಸಾರವೂ ಇತ್ತು.

ಮೂರು ದಿನ ಕೂತು ಕೆಲಸ ಮಾಡಿದೆ. ಹಳೇ ವೈರನ್ನೆಲ್ಲ ಕಿತ್ತು ಬಿಸಾಡಿ ಹೊಸದು ಎಳೆದೆ, ಡೈನಮೋ ಬಿಚ್ಚಿ ಅದರ ಜಾಗಕ್ಕೆ ಬ್ಯಾಟರಿ ಚಾರ್ಜು ಮಾಡುವ ಈಗಿನ ಕಾಲದ ಆಲ್ಟರ್ನೇಟರ್ ಕೂರಿಸಿದೆ. ಅದೂ ಎಲ್‌ಇಡಿಯೂ ಚಾರ್ಜರೂ ಹಳೇ ಪದ್ಧತಿಗೆ ಒಗ್ಗುವುದಿಲ್ಲ. ಹಾಗಾಗಿ ಇಡೀ ಗಾಡಿಯ ಪ್ಲಸ್ಸು ಮೈನಸ್ಸು ತಿರುಗಿಸಿ ಮೈನಸ್ಸನ್ನು ಚಾಸಿಗೆ ಕೊಟ್ಟೆ, ಕಾಯಿಲ್ಲಿನ ವೈರು, ಆಂಪಿಯರ್ ಮೀಟರಿನ ವೈರು ಅದಲು ಬದಲು ಮಾಡಿದೆ. ಅಷ್ಟು ನೀಟಾದ ಕೆಲಸ ಈ ಘಟ್ಟದ ಮೇಲೆ ಇನ್ನೊಬ್ಬ ಮಾಡಿ ತೋರಿಸಲಿ, ನೋಡೋಣ. ಮೊಬೈಲಿನಲ್ಲಿ ವಿಡಿಯೋ ನೋಡಿ ಟೆಸ್ಟರ್ ಹಿಡಿಯುವ ಈಗಿನವರಿಗೆ ಬಾನೆಟ್ಟಿನ ಕೊಂಡಿ ತೆಗೆಯಲಿಕ್ಕೂ ಬರುವುದಿಲ್ಲ.

ಹೊರಡುವಾಗ ಸಾಹುಕಾರರಿಗೆ ಹೇಳಿದೆ. "ಈಗ ಪ್ಲಸ್ಸು ಮೈನಸ್ಸು ಎರಡೂ ತಿರುಗಿಸಿದೀನಿ ಸಾರ್. ಉಲ್ಟಾ ಕೊಟ್ರೆ ಎಲ್ಲ ಸುಟ್ಟು ಹೋಗ್ತದೆ. ಬೇಲಿಗೆ ಬೇರೆ ಬ್ಯಾಟರಿ ತರಿಸಿ, ಇದನ್ನ ಯಾರೂ ಮುಟ್ಟೋದು ಬೇಡ."

ಅವರು ಹೊಸ ಹಾರನ್ ಒತ್ತುವ ಸಂಭ್ರಮದಲ್ಲಿದ್ದರು. "ಹೂಂ ಹೂಂ, ತರಿಸುವ" ಎಂದರು.

ಡ್ರೈವರು ನಾಲ್ಕು ಮಾರು ದೂರದಲ್ಲಿ ಗಾಜು ಒರೆಸುತ್ತಿದ್ದ. ಅವನಿಗೆ ನಾನು ಹೇಳಲಿಲ್ಲ. ಪ್ಲಸ್ಸಿನ ವೈರಿಗೆ ಒಂದು ಸುತ್ತು ಕೆಂಪು ಟೇಪನ್ನೂ ಸುತ್ತಲಿಲ್ಲ. ಮಾಲೀಕರಿಗೆ ಹೇಳಿ ಆಯಿತು, ಇವನಿಗೇನು ತಿಳಿಯುತ್ತದೆ ಎಂದು ಸಾಮಾನು ಜೀಪಿಗೆ ಹಾಕಿಕೊಂಡು ಬಂದೆ.

ವಾರ ಕಳೆದಿರಲಿಲ್ಲ, ಫೋನ್ ಬಂತು. ಕಾರಿನ ತುಂಬ ಹೊಗೆಯಂತೆ. ಹೋಗಿ ನೋಡಿದರೆ ಆಲ್ಟರ್ನೇಟರ್ ಸುಟ್ಟು ಕರಕಲು, ಹೊಸ ವೈರು ಅರ್ಧ ಮಾರು ಕರಗಿ ಹೋಗಿದೆ, ಎಲ್‌ಇಡಿ ಒಂದೂ ಉಳಿದಿಲ್ಲ. ಹಿಂದಿನ ಸಂಜೆ ಪಕ್ಕದ ತೋಟಕ್ಕೆ ಆನೆ ಬಂದಿತ್ತು. ಬೇಲಿಗೆ ಬೇರೆ ಬ್ಯಾಟರಿ ತರಿಸದೇ ಇದ್ದ ಸಾಹುಕಾರರೇ, "ಕಾರಿಂದು ಬಿಚ್ಚಿ ಹಾಕು" ಎಂದಿದ್ದರು. ಬೆಳಿಗ್ಗೆ ಅತಿಥಿಗಳು ಕಾಯುತ್ತಿದ್ದರೆಂದು ಡ್ರೈವರು ಅವಸರದಲ್ಲಿ ತಂದು, ನಲವತ್ತು ವರ್ಷ ಹಾಕಿದ ಹಾಗೆಯೇ ಹಾಕಿದ್ದ. ಪ್ಲಸ್ ಚಾಸಿಗೆ.

ಅಂಗಳದಲ್ಲಿ ಅತಿಥಿಗಳು ಕಾಫಿ ಕಪ್ಪು ಹಿಡಿದು ನೋಡುತ್ತಿದ್ದರು. ಸಾಹುಕಾರರ ಮುಖ ಕೆಂಪಾಗಿತ್ತು.

"ಏನಾಗಿದೆ, ಸರಿಯಾಗಿ ಹೇಳು ಮಾರಾಯ. ಇವನು ಹಾಳು ಮಾಡಿದ್ದಾ, ನಿನ್ನ ಕೆಲಸ ಹೀಗಾ?"

ಡ್ರೈವರು ನನ್ನ ಮುಖ ನೋಡಿದ. ನನ್ನ ಕೆಲಸ ಹೀಗಾ ಎಂದು ಹತ್ತು ಜನರ ಮುಂದೆ ಕೇಳಿದ್ದನ್ನು ನನಗೆ ತಡೆದುಕೊಳ್ಳಲಿಕ್ಕಾಗಲಿಲ್ಲ.

"ಬ್ಯಾಟರಿ ಉಲ್ಟಾ ಹಾಕಿದಾರೆ ಸಾರ್" ಎಂದೆ.

ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈವರೆಗೆ ಹೇಳಿಲ್ಲ.

ಡ್ರೈವರು ಬಾನೆಟ್ಟಿನ ಒಳಗೆ ಬಗ್ಗಿ ನೋಡಿದ. ಎದ್ದು ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಅಂಗಿಯ ಜೇಬಿನಿಂದ ಕೀ ತೆಗೆದು ಸೀಟಿನ ಮೇಲಿಟ್ಟು ಹೋದ.

ನಾಲ್ಕು ದಿನ ಹೋಗಲೋ ಬೇಡವೋ ಎಂದು ಕಳೆದೆ. ಐದನೇ ದಿನ ಸಾಹುಕಾರರ ಹತ್ತಿರ ಹೋಗಿ, ತಪ್ಪು ಅವನದಲ್ಲ, ನಾನು ಅವನಿಗೆ ಹೇಳಲಿಲ್ಲ, ನೀವೂ ಹೇಳಲಿಲ್ಲ ಎಂದೆ. ಅವರು ನಕ್ಕುಬಿಟ್ಟರು. "ಬಿಡು ಮಾರಾಯ, ಹೇಗಿದ್ರೂ ಅವನನ್ನ ಬಿಡಿಸ್ಬೇಕು ಅಂತಲೇ ಇದ್ದೆ. ವಯಸ್ಸಾಯ್ತು. ಅತಿಥಿಗಳ ಮುಂದೆ ಸ್ವಲ್ಪ ನೋಡೋ ಹಾಗಿರೋರು ಬೇಕು." ಅವರನ್ನು ಬೈಯಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಬೈಯುವ ಮುಖ ಇರಲಿಲ್ಲ.

ಡ್ರೈವರು ಆಗಲೇ ಮನೆ ಖಾಲಿ ಮಾಡಿ ಸಂಸೆಯ ಹತ್ತಿರ ಮಗಳ ಮನೆ ಸೇರಿದ್ದ. ಬಸ್ಸು ಹತ್ತಿ ಹೋದೆ. ಜಗಲಿಯ ಮೇಲೆ ಅಡಿಕೆ ಸುಲಿಯುತ್ತಿದ್ದ, ನನ್ನನ್ನು ಕಂಡು ಎದ್ದು ಚಾಪೆ ಹಾಸಿದ. ಪ್ಲಸ್ಸು ಮೈನಸ್ಸು ತಿರುಗಿಸಿದ್ದನ್ನು ಹೇಳದೆ ಇದ್ದದ್ದು ನನ್ನ ತಪ್ಪು ಎಂದು ಹೇಗೋ ಬಾಯಿಬಿಟ್ಟು ಹೇಳಿದೆ.

"ಗೊತ್ತಾಯ್ತು ಮೇಸ್ತ್ರಿ" ಎಂದ. "ಬಗ್ಗಿ ನೋಡಿದೆನಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ ನೀವು ಯಾಕೆ ಬಾಯಿ ಬಿಡ್ಲಿಲ್ಲ?"

"ನಾನು ಹೇಳಿದ್ರೆ ಯಾರು ಕೇಳ್ತಾರೆ? ನೀವು ಹೇಳ್ತೀರೇನೋ ಅಂತ ಸ್ವಲ್ಪ ಹೊತ್ತು ನಿಂತಿದ್ದೆ."

ಒಳಗಿದ್ದ ಮಗಳಿಗೆ ಕಾಫಿ ಇಡಲು ಹೇಳಿ, ಮತ್ತೆ ಅಡಿಕೆ ಸುಲಿಯಲು ಕೂತ.