ಅಟ್ಟಕ್ಕೆ ಎಳೆದ ಕೆಂಪು ಗೆರೆ

ಅವರ ಬಲಗಿವಿಯ ಮೇಲೆ ಕಪ್ಪು ಪೆನ್ಸಿಲು, ಎಡಗಿವಿಯ ಮೇಲೆ ಕೆಂಪು ಪೆನ್ಸಿಲು. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತಿದ್ದರೋ ಇಲ್ಲವೋ ನಾನು ಕಾಣೆ. ಗಣಪತಿ ಗುಡಿಯಲ್ಲಿ ಮಂಗಳಾರತಿ ತಗೊಳ್ಳುವಾಗಲೂ ಎರಡೂ ಅಲ್ಲೇ ಇರುತ್ತಿದ್ದವು. ಇರುವುದನ್ನು ಕಪ್ಪಿನಲ್ಲಿ, ಇನ್ನು ಕಟ್ಟಬೇಕಾದ್ದನ್ನು ಕೆಂಪಿನಲ್ಲಿ ಬರೆಯುವುದು ಮನೆ ಪ್ಲಾನು ಬರೆಯುವವರ ಪದ್ಧತಿ. ಇವರು ರಿಟೈರಾದ ಓವರ್‌ಸಿಯರ್, ಬೀದಿಯವರಿಗೆ ಪ್ಲಾನು ಬರೆದುಕೊಡುತ್ತಿದ್ದರು. ಯಶವಂತಪುರ ಸ್ಟೇಷನ್ನಿನ ಹಿಂದಿನ ನಮ್ಮ ಬೀದಿಯಲ್ಲೇ, ನಮ್ಮಿಂದ ನಾಲ್ಕನೇ ಮನೆ. ಅವರ ಮೇಲೆ ನನ್ನಷ್ಟು ರೇಗಿದವನು ಆ ಬೀದಿಯಲ್ಲಿ ಇನ್ನೊಬ್ಬನಿಲ್ಲ.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಉಳಿ ಹಿಡಿದವನು. ಗೂಡ್ಸ್ ಶೆಡ್ಡಿನ ಹತ್ತಿರದ ವರ್ಕ್‌ಶಾಪಿನಲ್ಲಿ ಸಾಮಾನು ತುಂಬಿ ಕಳಿಸುವ ಮರದ ಪೆಟ್ಟಿಗೆ ಮಾಡುತ್ತಿದ್ದೆ. ಭಾವ ತೀರಿಕೊಂಡು ಅಕ್ಕ ಹೊಲಿಗೆ ಮಿಷನ್ ಸಮೇತ ನಮ್ಮ ಮನೆಗೆ ಬಂದಾಗ ನಮಗಿದ್ದದ್ದು ಒಂದು ನಡುಮನೆ, ಒಂದು ಅಡಿಗೆಮನೆ. ಹೆಂಚಿನ ಕೆಳಗೆ ಸೌದೆ, ತೂತುಬಿದ್ದ ಪಾತ್ರೆ ತುಂಬಿದ್ದ ಅಟ್ಟವನ್ನು ಭಾನುವಾರಗಳಲ್ಲಿ ಕೂತು ರೂಮು ಮಾಡಿದೆ. ಹಲಗೆ ಹಾಸಿದೆ, ಬೀದಿ ಕಡೆ ಗೋಡೆ ಒಡೆದು ಕಿಟಕಿ ಇಟ್ಟೆ, ಅಡಿಗೆಮನೆಯಲ್ಲಿ ಕಡಿದಾದ ಮರದ ಮೆಟ್ಟಿಲು ನಿಲ್ಲಿಸಿದೆ. ಅಕ್ಕ ಅಲ್ಲೇ ಹೊಲಿದು, ಅಲ್ಲೇ ಮಲಗಿ, ಯಾರ ಹಂಗೂ ಇಲ್ಲದೆ ಇದ್ದಳು. ಕಟ್ಟುವಾಗ ಯಾರನ್ನೂ ಕೇಳಲಿಲ್ಲ. ನನ್ನ ಮನೆ, ನನ್ನ ಮರ, ನನ್ನ ಕೈ. ಯಾರನ್ನು ಕೇಳಬೇಕು?

ಕೇಳಬೇಕಿತ್ತಂತೆ. ಆರು ವರ್ಷದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಕಾರ್ಪೊರೇಷನ್ನಿಂದ ನೋಟೀಸು ಬಂತು. ಪರವಾನಗಿ ಇಲ್ಲದ ಅಟ್ಟ. ಪ್ಲಾನು ಮಂಜೂರು ಮಾಡಿಸಿಕೊಳ್ಳಿ, ಇಲ್ಲವೇ ಕಿತ್ತುಹಾಕಿ. ಅಕ್ಕ ಅದನ್ನು ಓದಿ ಮಡಿಸಿಟ್ಟು, "ನಾನು ಮೈದುನನ ಮನೆಗೆ ಹೋಗ್ತೀನಿ ಬಿಡೋ" ಅಂದಳು. ಆ ಮನೆಯಲ್ಲಿ ಒಂದು ತುತ್ತು ಅನ್ನಕ್ಕೆ ಎಷ್ಟು ಮಾತು ಕೇಳಬೇಕು ಅನ್ನೋದು ನನಗೆ ಗೊತ್ತಿತ್ತು.

ಓವರ್‌ಸಿಯರ್ ಸಾರ್ ಅವರನ್ನು ಕರೆದೆ. ಮಡಚುವ ಸ್ಕೇಲು ಬಿಚ್ಚಿ ಒಂದೊಂದು ಮೂಲೆಯನ್ನೂ ಮೂರು ಮೂರು ಸಲ ಅಳೆದರು. ನನಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು.

"ಸಾರ್, ಹೊಸದಾಗಿ ಕಟ್ಟೋಕೆ ಪರ್ಮಿಷನ್ ಕೊಡಿ ಅಂತ ಬರ್ದುಬಿಡಿ. ಎಲ್ಲಾರೂ ಹಂಗೇ ಮಾಡೋದಂತೆ."

"ಅಟ್ಟ ಇದೆಯಲ್ಲ ಆಚಾರ್ರೇ? ಅದರ ಮೇಲೇ ನಿಂತ್ಕೊಂಡಿದೀವಿ. ಇಲ್ಲ ಅಂತ ಹೆಂಗ್ರೀ ಬರೀಲಿ?" ಅಂತ ಬಲಗಿವಿಯ ಪೆನ್ಸಿಲು ತೆಗೆದರು. "ಇನ್ನೊಂದು ವಿಷಯ. ಅಟ್ಟದ ಎತ್ತರ ರೂಲಿಗಿಂತ ಒಂಬತ್ತು ಇಂಚು ಕಮ್ಮಿ ಇದೆ."

"ಒಂಬತ್ತು ಇಂಚು ತಾನೇ? ಜಾಸ್ತಿ ಬರ್ಕೊಳ್ಳಿ."

"ಪೆಟ್ಟಿಗೆ ಒಂಬತ್ತು ಇಂಚು ಕಮ್ಮಿ ಮಾಡಿ, ಸರಿಯಾಗಿದೆ ಅಂತ ಕಳಿಸ್ತೀರಾ ನೀವು? ತೊಲೆ, ಹಲಗೆ ಎಲ್ಲಾ ಒಂಬತ್ತು ಇಂಚು ಕೆಳಗಿಳಿಸಿ. ಕೆಳಗಡೆ ಎತ್ತರ ಬೇಕಾದಷ್ಟಿದೆ."

ನಾನು ಕೂಡಿಸಿದ್ದನ್ನು ನಾನೇ ಬಿಚ್ಚಬೇಕು! ಮೈಯೆಲ್ಲ ಉರಿದುಹೋಯಿತು. "ನಿಮ್ಮ ಪ್ಲಾನೂ ಬೇಡ, ನಿಮ್ಮ ಸ್ಕೇಲೂ ಬೇಡ" ಅಂತ ಕೂಗಾಡಿ ಕಳಿಸಿಬಿಟ್ಟೆ.

ಕಾರ್ಪೊರೇಷನ್ ಆಫೀಸಿನ ಎದುರು ಛತ್ರಿ ಕೆಳಗೆ ಕೂತು ಪ್ಲಾನು ಬರೆಯುವವನೊಬ್ಬನಿದ್ದ. ಮನೆ ನೋಡದೆಯೇ ಒಂದು ಬೆಳಗ್ಗೆಯಲ್ಲಿ ಇಡೀ ಅಟ್ಟವನ್ನು ಕೆಂಪಿನಲ್ಲಿ ಬರೆದುಕೊಟ್ಟ. "ಎಂಜಿನಿಯರ್ ಬರ್ತಾರೆ. ಕೆಳಗೇ ಕೂರ್ಸಿ, ಕಾಫಿ ಕೊಟ್ಟು ಕಳ್ಸಿ. ನೀವು ಮಾತ್ರ ಬಾಯಿ ಬಿಡ್ಬೇಡಿ" ಅಂದ.

ಎಂಜಿನಿಯರ್ ಬಂದರು. ಅಟ್ಟದ ಕಿಟಕಿಗೆ ಸೀರೆ ಇಳಿಬಿಟ್ಟಿದ್ದೆವು. ಮೇಲೆ ಅಕ್ಕ ಸದ್ದಾಗದ ಹಾಗೆ ಮಿಷನ್ ಚಕ್ರ ಕೈಲಿ ಹಿಡಿದು ಕೂತಿದ್ದಳು. ಅವರು ಕಾಫಿ ಕುಡಿದರು, ಪೆನ್ನಿನ ಕ್ಯಾಪು ತೆಗೆದರು, ಸುಮ್ಮನೆ ಒಂದು ಸಲ ಮೇಲೆ ನೋಡಿದರು.

"ಇದೇನ್ರೀ ಸೂರಿಗೆ? ಪ್ಯಾಕಿಂಗ್ ಡಬ್ಬದ ಹಲಗೆ ಬಡಿದಂಗಿದೆ. ಎಷ್ಟು ದಿನ ನಿಲ್ಲುತ್ತೆ?"

"ಎಷ್ಟು ದಿನಾನಾ? ಆರು ವರ್ಷ ಆಯ್ತು ಸ್ವಾಮಿ, ಒಂದು ಹಲಗೆ ಕಿರ್ ಅಂದಿಲ್ಲ! ಬನ್ನಿ ಮೇಲೆ, ಕಾಲಿಟ್ಟು ನೋಡಿ!"

ಅವರು ಬಂದರು. ಕಾಲಿಟ್ಟು ನೋಡಿದರು. ಮೂಲೆಯಲ್ಲಿದ್ದ ಅಕ್ಕನನ್ನೂ ನೋಡಿದರು. ಕೆಲಸ ಚೆನ್ನಾಗಿದೆ ಅಂತ ಹೇಳಿ, ಅರ್ಜಿ ತಿರಸ್ಕರಿಸಲಾಗಿದೆ ಅಂತ ಬರೆದು ಹೋದರು.

"ನಿನ್ನ ಹಲಗೆ ಕಿರ್ ಅನ್ನಲ್ಲ ಕಣೋ, ನಿನ್ನ ಬಾಯಿ ಸುಮ್ನಿರಲ್ಲ" ಅಂತ ಅಕ್ಕ ಬಟ್ಟೆ ಗಂಟು ಕಟ್ಟಲು ಶುರುಮಾಡಿದಳು.

ತಲೆ ತಗ್ಗಿಸಿಕೊಂಡು ನಾಲ್ಕನೇ ಮನೆಗೆ ಹೋದೆ. ಓವರ್‌ಸಿಯರ್ ಸಾರ್ ಎಲ್ಲ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಸುಳ್ಳು ನಿಮಗೂ ಆಗಿಬರಲ್ಲ ಬಿಡಿ. ಸ್ಕೇಲು ಹಿಡ್ಕೊಳ್ಳಿ" ಅಂತ ಎದ್ದರು. ಮತ್ತೆ ಮೂರು ಮೂರು ಸಲ ಅಳೆದರು. ಹೋದ ಸಲ ಅಳೆದದ್ದು ಏನಾಯಿತು ಅಂತ ಕೇಳುವಷ್ಟು ಧೈರ್ಯ ನನಗೆ ಉಳಿದಿರಲಿಲ್ಲ.

ಅಕ್ಕನ ಮಿಷನ್ ಅವರ ಜಗಲಿಗೆ ಹೋಯಿತು. ಬೀದಿಯವರ ರವಿಕೆಗಳೆಲ್ಲ ಒಂದು ತಿಂಗಳು ಅಲ್ಲೇ ಹೊಲಿಗೆಯಾದವು. ನಾನು ಹಲ್ಲು ಕಚ್ಚಿಕೊಂಡು ಒಂದೊಂದೇ ಹಲಗೆ ಬಿಚ್ಚಿ, ತೊಲೆ ಇಳಿಸಿ, ಮತ್ತೆ ಕೂಡಿಸಿದೆ. ಪ್ರತಿ ಭಾನುವಾರ ಅವರು ಆ ಕಡಿದಾದ ಮೆಟ್ಟಿಲನ್ನು ಅಂಬೆಗಾಲಿಟ್ಟ ಹಾಗೆ ಹತ್ತಿ ಬಂದು ನೋಡುತ್ತಿದ್ದರು. "ಇಲ್ಲಿ ಕಾಲಿಂಚು ಏರಿದೆ." ನೋಡಿದರೆ, ಏರಿರುತ್ತಿತ್ತು.

ಆಮೇಲೆ ಆಫೀಸು. ಸಾಹೇಬರು ಊಟಕ್ಕೆ ಹೋಗಿದಾರೆ. ಸಾಹೇಬರು ಬಂದಿದಾರೆ, ಫೈಲು ಕೊಟ್ಟ ಗುಮಾಸ್ತರು ರಜ. ನಾನು ಎರಡು ಸಲಕ್ಕೇ ಜಗಳಕ್ಕೆ ನಿಂತೆ. ಓವರ್‌ಸಿಯರ್ ಸಾರ್ ಮಾತ್ರ ಪ್ಲಾನಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. "ನಿಮ್ಮ ಅಟ್ಟ ಎಲ್ಲೂ ಓಡಿಹೋಗಲ್ಲ ಆಚಾರ್ರೇ, ನಾವೂ ಹೋಗೋದು ಬೇಡ." ನಾಲ್ಕು ತಿಂಗಳಾದ ಮೇಲೆ ಸೀಲು ಬಿತ್ತು.

ಅವತ್ತೇ ನಾನು ಪ್ಲಾನನ್ನು ಸರಿಯಾಗಿ ಬಿಚ್ಚಿ ನೋಡಿದ್ದು. ಅಟ್ಟವೆಲ್ಲ ಕಪ್ಪು. ಮೆಟ್ಟಿಲ ಪಕ್ಕ ಒಂದೇ ಒಂದು ಕೆಂಪು ಗೆರೆ.

"ಇದೇನ್ ಸಾರ್?"

"ಕಟಾಂಜನ. ಹಿಡ್ಕೊಂಡು ಹತ್ತೋಕೆ. ನನ್ನ ಮಂಡಿ ಅಂತೂ ಹೋಯ್ತು, ನಿಮ್ಮಕ್ಕನ ಮಂಡಿ ಆದ್ರೂ ಉಳೀಲಿ. ಇಲ್ಲದ್ದನ್ನ ಇದೊಂದೇ ಬರ್ದಿರೋದು. ಮಾಡ್ತೀರಿ ಅಂತ ನಂಬಿ ಬರ್ದಿದೀನಿ."

ಬರುವ ಭಾನುವಾರ ಮಾಡ್ತೀನಿ ಅಂದೆ. ಆ ಭಾನುವಾರ ಮದುವೆ, ಮುಂದಿನ ಭಾನುವಾರ ಓವರ್‌ಟೈಮು. ಎದುರು ಸಿಕ್ಕಾಗಲೆಲ್ಲ, "ಕೆಂಪು ಕಪ್ಪಾಯ್ತಾ ಆಚಾರ್ರೇ?" ಅನ್ನುತ್ತಿದ್ದರು. ಬಸ್‌ಸ್ಟಾಪಿನಲ್ಲಿ, ಹಾಲಿನ ಬೂತಿನಲ್ಲಿ, ಒಂದು ಸಲ ಸಾವಿನ ಮನೆಯ ಮುಂದೆ ಕೂಡ. ಕೇಳಿ ಕೇಳಿ ನನಗೂ ಹಟ ಬಂತು. ದಿನಾ ಮರ ಕೊಯ್ಯುವವನು ಒಂದು ಗಳ ನಿಲ್ಲಿಸಲು ಐದು ವರ್ಷ ತಳ್ಳಿದೆ.

ಒಂದು ಮಳೆಗಾಲದ ಬೆಳಗ್ಗೆ ಅವರು ಹೋದರು. ಜಗಲಿಯ ಮೇಲೆ ಮಲಗಿಸಿದ್ದರು. ಅಕ್ಕನ ಮಿಷನ್ ಒಂದು ತಿಂಗಳು ಇದ್ದ ಜಾಗ ಅದು. ಎರಡೂ ಕಿವಿ ಖಾಲಿ. ಆ ಮುಖ ನನಗೆ ಗುರುತೇ ಸಿಗಲಿಲ್ಲ.

ಆ ಭಾನುವಾರ ಹೊನ್ನೆ ಮರ ತಂದು ಕೂತೆ. ಮೂರು ಸಲ ಅಳೆದೇ ಕೊಯ್ದೆ. ಸಂಜೆಗೆ ಅಕ್ಕ ಕಟಾಂಜನ ಹಿಡಿದು ಹತ್ತಿದಳು. ನಾನು ಟ್ರಂಕಿನಿಂದ ಪ್ಲಾನು ತೆಗೆದು, ಕೆಂಪು ಗೆರೆಯ ಮೇಲೆ ಕಪ್ಪು ಪೆನ್ಸಿಲು ಎಳೆದೆ.

"ಸೀಲು ಬಿದ್ದಿರೋ ಕಾಗದದ ಮೇಲೆ ಗೀಚ್ತಿದೀಯಲ್ಲೋ!" ಅಂತ ಅಕ್ಕ ಮೇಲಿಂದಲೇ ಬೈದಳು.

ಗೆರೆ ಸ್ವಲ್ಪ ಸೊಟ್ಟಗಾಯಿತು. ಅವರಿದ್ದಿದ್ದರೆ ಅಳಿಸಿ ಮತ್ತೆ ಎಳೆಸುತ್ತಿದ್ದರು.