ಬೇವಿನ ಮರಕ್ಕೆ ಹನ್ನೊಂದು ಒಗೆತ

ನನ್ನ ನಾದಿನಿಗೆ ಬಳೆ ತೊಡಿಸುವುದೆಂದರೆ ಬಳೆಗಾರರಿಗೆ ಫಜೀತಿ. ಎಡಗೈಗೆ ಒಂದು ಅಳತೆಯಾದರೆ ಬಲಗೈಗೆ ಅದಕ್ಕಿಂತ ದೊಡ್ಡದು ಬೇಕು. ಬಲ ಅಂಗೈ ಅಗಲ, ಗೆಣ್ಣುಗಳು ದಪ್ಪ, ಮೊಣಕೈಯಿಂದ ಕೆಳಗೆ ನರಗಳು ಎದ್ದು ಕಾಣುತ್ತಿದ್ದವು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸಿದ ಕೈ ಅದು. "ಈ ಕೈ ದುಡದೈತ್ರಿ, ಆ ಕೈ ನೋಡಿಕೋತ ಕುಂತೈತಿ" ಎಂದು ಬಳೆಗಾರನಿಗೆ ತಾವೇ ಸಮಜಾಯಿಷಿ ಕೊಡುತ್ತಿದ್ದರು.

ಆ ಕೈಯ ಪರಿಚಯ ನನಗಾದದ್ದು ನನ್ನ ಮದುವೆಯ ದಿನ. ವಿಜಾಪುರದಲ್ಲಿ, ಗೋಳಗುಮ್ಮಟದ ಹತ್ತಿರದ ನಮ್ಮ ತವರುಮನೆಯ ಮುಂದೆ ಹಂದರ. ಅಕ್ಕಿಕಾಳು ಹಾಕುವ ಹೊತ್ತಿಗೆ ಹಂದರದ ತೀರ ಹಿಂದಿನಿಂದ ಒಂದು ಹಿಡಿ ಅಕ್ಕಿ ಅಷ್ಟೂ ಜನರ ತಲೆ ದಾಟಿ ಬಂದು ನೇರ ನನ್ನ ಹಣೆಗೆ ಬಡಿಯಿತು. ಬಾಸಿಂಗ ಅಲುಗಾಡಿತು. ಕಣ್ಣೆತ್ತಿ ನೋಡಿದರೆ ಹಸಿರು ಇಳಕಲ್ ಸೀರೆಯ ಎತ್ತರದ ಹೆಂಗಸೊಬ್ಬಳು ಕೈ ಝಾಡಿಸಿಕೊಳ್ಳುತ್ತಿದ್ದಳು. "ಅಕಿ ನಮ್ಮಕ್ಕ" ಎಂದರು ಪಕ್ಕದಲ್ಲಿದ್ದ ನಮ್ಮ ಮನೆಯವರು. ಗಂಡನಾದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಇನ್ನೊಮ್ಮೆ ನೋಡುವಷ್ಟರಲ್ಲಿ ಆಕೆ ಇರಲಿಲ್ಲ. ಊಟವನ್ನೂ ಮಾಡದೆ ತಮ್ಮ ಗಂಡನ ಊರು ಟಿಕೋಟಾದ ಬಸ್ಸು ಹತ್ತಿದ್ದರು.

ಏನು ಕಾರಣ ಎಂದು ಗಂಡನ ಊರು ಬಬಲೇಶ್ವರಕ್ಕೆ ಬಂದ ಮೇಲೆ ಕೇಳಿದೆ. "ತೆಂಗಿನಕಾಯಿ" ಎಂದರು ನಮ್ಮ ಅತ್ತೆ, ಮತ್ತು ಸೆರಗಿನಿಂದ ಮೂಗು ಒರೆಸಿಕೊಂಡರು.

ನಾಗರ ಪಂಚಮಿಗೆ ನಮ್ಮ ಕಡೆ ಕಾಯಿ ಒಗೆಯುವ ಆಟ ಉಂಟು. ಇಂಥ ಕಡೆಯಿಂದ ಇಂಥ ಕಡೆಗೆ ಇಷ್ಟು ಒಗೆತಕ್ಕೆ ಮುಟ್ಟಿಸುತ್ತೇನೆ ಎಂದು ಪಣ ಕಟ್ಟುವುದು. ಕಾಯಿ ಬಿದ್ದು ಉರುಳಿ ನಿಂತಲ್ಲಿಂದ ಮತ್ತೆ ಎತ್ತಿ ಒಗೆಯುವುದು. ಐವತ್ತರ ದಶಕದ ಕೊನೆಯಲ್ಲಿ, ನಮ್ಮ ಮದುವೆಗೆ ಮುಂಚಿನ ಪಂಚಮಿಯಲ್ಲಿ, ನಾದಿನಿಯ ಗಂಡ ಊರ ಹೆಬ್ಬಾಗಿಲಾದ ಅಗಸಿಯಿಂದ ಜೈನಾಪುರದ ದಾರಿಯ ಬೇವಿನ ಮರಕ್ಕೆ ಹನ್ನೊಂದು ಒಗೆತ ಎಂದು ನಮ್ಮ ಮನೆಯವರ ಜೊತೆ ಪಣ ಕಟ್ಟಿದರು. ಗೆದ್ದವನಿಗೆ ಒಂದು ಹೊಸ ಪಟಕಾ. ಹನ್ನೊಂದನೆಯ ಒಗೆತಕ್ಕೆ ಕಾಯಿ ಕಲ್ಲಿಗೆ ಬಡಿದು ಎರಡು ಹೋಳಾಯಿತು. ಒಂದು ಹೋಳು ಅಲ್ಲೇ ಬಿತ್ತು. ಇನ್ನೊಂದು ಉರುಳಿಕೊಂಡು ಹೋಗಿ ಮರದ ಬೇರಿಗೆ ತಾಗಿತು.

"ಮುಟ್ಟೇತಿ" ಎಂದರು ನಾದಿನಿಯ ಗಂಡ. "ಒಡದ ಮ್ಯಾಲ ಅದು ಕಾಯಿ ಅಲ್ಲ, ಹೋಳು. ಹೋಳಿಗೆ ಲೆಕ್ಕ ಇಲ್ಲ" ಎಂದರು ನಮ್ಮ ಮನೆಯವರು. ತಲೆಗೆ ಸುತ್ತುವ ಬಟ್ಟೆಗಾಗಿ ಇಬ್ಬರೂ ತಲೆ ಕೆಡಿಸಿಕೊಂಡರು. ಕೊನೆಗೆ ಅವರು, "ನೀ ನಿನ್ನ ಬಾಯಿಲೆ ಮುಟ್ಟೇತಿ ಅನ್ನೂತನಕಾ ನಾ ಈ ಅಗಸಿ ದಾಟೂದಿಲ್ಲ, ನಿಮ್ಮಕ್ಕನ್ನೂ ಕಳಸೂದಿಲ್ಲ" ಎಂದು ಆಣೆ ಮಾಡಿ ಹೆಂಡತಿಯನ್ನು ಕರೆದುಕೊಂಡು ನಡೆದೇಬಿಟ್ಟರಂತೆ.

ಅಲ್ಲಿಂದ ಐದು ಪಂಚಮಿ ನಮ್ಮ ಮನೆಯ ಜೋಕಾಲಿ ಸುಮ್ಮನೆ ತೂಗಿತು. ಪಂಚಮಿಗೆ ಹೆಣ್ಣುಮಗಳು ತವರಿಗೆ ಬರದಿದ್ದರೆ ನಮ್ಮ ಕಡೆ ಅದು ಮನೆಯೊಳಗಿನ ಸಾವಿಗೆ ಸಮ. ನನ್ನನ್ನು ಕರೆಯಲು ನನ್ನ ಅಣ್ಣ ಬಂದಾಗಲೆಲ್ಲ ಅತ್ತೆ ಅವನಿಗೆ ಚಹಾ ಕೊಟ್ಟು, ಮಗನಿಗೆ ಕೇಳುವಂತೆ ಹೇಳುತ್ತಿದ್ದರು: "ಎಲ್ಲಾರ ಮನಿಗೂ ಅಣ್ಣತಮ್ಮಂದಿರು ಬರ್ತಾರಪಾ. ನನ್ನ ಮಗಳ ಮನಿಗೆ ಹೋಗೂ ಹಾದಿನ ಮುಳ್ಳು ಹಚ್ಚಿ ಮುಚ್ಯಾರ." ನಮ್ಮ ಮನೆಯವರು ಆಗ ಎತ್ತಿಗೆ ನೀರು ಕುಡಿಸಲು ಎದ್ದು ಹೋಗುತ್ತಿದ್ದರು. ಕುಡಿದ ಎತ್ತಿಗೇ ಮತ್ತೆ ಕುಡಿಸುತ್ತಿದ್ದರು. ಅಕ್ಕನ ಮೇಲೆ ಅವರಿಗೆ ಪ್ರಾಣ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಆ ಮನೆಯ ಗಂಡಸರಿಗೆ ಯಾರೂ ಕಲಿಸಿರಲಿಲ್ಲ.

ಆರನೆಯ ವರ್ಷ ಅತ್ತೆಗೆ ಕಾಲುನೋವೆಂದು ನಾನು ತವರಿಗೆ ಹೋಗಲಿಲ್ಲ. ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಯಂದು, ಬಡಿದ ರೊಟ್ಟಿ ಬುಟ್ಟಿಗೆ ಹಾಕುತ್ತಿದ್ದೇನೆ, ಬಾಗಿಲಲ್ಲಿ ಅದೇ ಎತ್ತರದ ಹೆಂಗಸು. ಅತ್ತೆ ಹೋ ಎಂದು ಅತ್ತರು. ಅಕ್ಕಾರು (ನಾದಿನಿಯನ್ನು ನಾನು ಕರೆಯುತ್ತಿದ್ದುದು ಹಾಗೆ) ಅಳಲಿಲ್ಲ. ಗಂಟು ಕೆಳಗಿಟ್ಟು ತಮ್ಮನ ಮುಂದೆ ನಿಂತರು.

"ನಿಮ್ಮ ಮಾಮಾ ಅಗಸಿ ಹೊರಗ ಕಟ್ಟಿ ಮ್ಯಾಲ ಕುಂತಾರ. ಅವರ ರಟ್ಟಿ ಹಿಡಕೊಂಡೈತಿ, ಒಗ್ಯಾಕ ಆಗೂದಿಲ್ಲ. ಅವರ ಬದಲಿ ನಾಳೆ ನಾ ಒಗಿತೀನಿ. ಹನ್ನೊಂದರಾಗ ಮುಟ್ಟಿದ್ರ ಹಳೇ ಜಗಳ ಮುಗೀತು. ಮುಟ್ಟಲಿಲ್ಲಂದ್ರ ಇನ್ನ ತವರಿನ ಹೆಸರ ಎತ್ತೂದಿಲ್ಲಂತ ಅವರಿಗೆ ಮಾತ ಕೊಟ್ಟ ಬಂದೇನಿ."

"ಅಕ್ಕಾ, ಹೆಣ್ಣಮಕ್ಕಳು ಎಲ್ಲೆರೆ ಕಾಯಿ..." ಎಂದು ನಮ್ಮ ಮನೆಯವರು ಬಾಯಿ ತೆರೆದರು.

"ನಿನಗ ಒಗ್ಯಾಕ ಕಲಿಸಿದಾಕಿ ಯಾರಲೇ?" ಎಂದರು ಅಕ್ಕಾರು.

ನಾನು ಉಂಡಿಯ ಡಬ್ಬಿ ಹಿಡಿದು ಅಗಸಿಯ ಹೊರಗೆ ಹೋದೆ. ಅಣ್ಣಾರು, ಅಂದರೆ ಅಕ್ಕಾರ ಗಂಡ, ಕಟ್ಟೆಯ ಮೇಲೆ ಊರಿಗೆ ಬೆನ್ನು ಮಾಡಿ ಕೂತಿದ್ದರು. ಆ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂದರು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಶೇಂಗಾ ಉಂಡಿಯ ವಾಸನೆಗೆ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಆಣಿ ಮಾಡಿದಾಗ ಉಂಡಿ ಬಗ್ಗೆ ಏನೂ ಅಂದಿದ್ದಿಲ್ಲ" ಎಂದು ನಾಲ್ಕು ತಿಂದರು.

ಮನೆಗೆ ಬಂದರೆ ನಮ್ಮ ಮನೆಯವರು ಜೋಳದ ಚೀಲದೊಳಗಿಂದ ಒಂದು ಕಾಯಿ ತೆಗೆಯುತ್ತಿದ್ದರು. ಆ ವಾರ ವಿಜಾಪುರದ ಪೇಟೆಗೆ ಹೋದಾಗ ಹಬ್ಬಕ್ಕೆಂದು ತಂದವುಗಳಲ್ಲಿ ಅದು ಒಳ್ಳೆಯದಂತೆ. ಗಾತ್ರದಲ್ಲಿ ಸಣ್ಣದು, ಗುಂಡಗೆ, ಚಿಪ್ಪು ದಪ್ಪ, ನೀರು ತುಂಬಿದ್ದು. "ಇದನ್ನ ಅಕ್ಕನ ಕೈಯಾಗ ಕೊಡು. ನಾ ಕೊಟ್ಟೇನಂತ ಹೇಳಬ್ಯಾಡ" ಎಂದರು. ಎದುರಾಳಿಗೆ ಒಳ್ಳೆಯ ಕಾಯಿ ಹುಡುಕಿ ಕೊಡುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು.

ಕೊಟ್ಟೆ. ಅಕ್ಕಾರು ಕಾಯಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ಅಂವ ಕೊಟ್ಟಾನ ಹೌದಲ್ಲೋ? ಸಣ್ಣ ಕಾಯಿ ಕೊಟ್ಟು ನನ್ನ ಸೋಲಿಸಬೇಕಂತ ಮಾಡ್ಯಾನ" ಎಂದು ಅದನ್ನು ಪಕ್ಕಕ್ಕಿಟ್ಟರು. ಮನೆಯಲ್ಲಿದ್ದ ಕಾಯಿಗಳನ್ನೆಲ್ಲ ಹಿತ್ತಲಲ್ಲಿ ಸುರುವಿಸಿದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನನಗೆ ಪಾಠ ಹೇಳಿದರು: ನೀರು ತುಳುಕುವ ಕಾಯಿ ಗಾಳಿಯಲ್ಲಿ ಹೊಯ್ದಾಡುತ್ತದೆ, ನೀರು ಬತ್ತಿದ್ದು ಹಗುರ, ದೂರ ಹೋಗುವುದಿಲ್ಲ, ಉದ್ದನೆಯದು ಬಿದ್ದ ಮೇಲೆ ಅಡ್ಡಾದಿಡ್ಡಿ ಉರುಳುತ್ತದೆ. ಇಷ್ಟೆಲ್ಲ ಹೇಳಿ ಆರಿಸಿದ್ದು ರಾಶಿಯಲ್ಲೇ ದೊಡ್ಡ ಕಾಯಿ. "ಹಿಂದಕ ಇಂಥಾದ್ದ ಒಗೀತಿದ್ದೆ. ಆ ಬಣವಿ ದಾಟಿ ಹೋಗತಿತ್ತು" ಎಂದು ಕಣಿಕೆಯ ಬಣವೆ ತೋರಿಸಿದರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಗೆದರು. ಕಾಯಿ ಬಣವೆಯನ್ನು ದಾಟಲಿಲ್ಲ. ಅದರ ಹೊಟ್ಟೆಯಲ್ಲಿ ಹೊಕ್ಕು ಕೂತಿತು. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತು. "ಕೈ ಇನ್ನ ಬಿಸಿ ಆಗಿಲ್ಲ" ಎಂದು ಇನ್ನೊಂದು ದೊಡ್ಡದನ್ನು ಒಗೆದರು. ಅದು ಬಣವೆಯ ಕಡೆಗೂ ಹೋಗದೆ ನೀರಿನ ಬಾನಿಗೆ ಬಿದ್ದು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದ ಅತ್ತೆಗೆ ತಲೆಯಿಂದ ಸ್ನಾನವಾಯಿತು. ಅತ್ತೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ನಾನು ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿದೆ.

ತಿರುಗಿ ನೋಡಿದಾಗ ಅಕ್ಕಾರು ಕಾಯಿಗಳ ನಡುವೆ ಕುಸಿದು ಕೂತು ಬಲ ರಟ್ಟೆ ಒತ್ತಿಕೊಳ್ಳುತ್ತಿದ್ದರು. ಕಣ್ಣಲ್ಲಿ ನೀರಿತ್ತು.

"ಆರು ವರ್ಷ ಈ ಕೈ ಮ್ಯಾಲ ಭರೋಸಾ ಇಟ್ಟ ಕುಂತಿದ್ದೆ ತಂಗಿ" ಎಂದರು. "ಕೈ ಅಲ್ಲೇ ಐತಿ, ಒಳಗಿನ ಹುಡುಗಿ ಯಾವಾಗ ಎದ್ದು ಹೋದಳೋ ಏನೋ. ನಾಳೆ ಮುಟ್ಟಲಿಲ್ಲಂದ್ರ ನಾ ಅವ್ವನ್ನ ಮತ್ತ ನೋಡೂದು ಹೆಂಗ?"

ನನ್ನ ನಗು ಅಲ್ಲೇ ಒಣಗಿತು. ಒಳಗೆ ಹೋಗಿ ಆ ಸಣ್ಣ ಕಾಯಿ ತಂದು, ಅವರಿಗೆ ಕಾಣದಂತೆ ರಾಶಿಯಲ್ಲಿ ಬೆರೆಸಿದೆ. "ಕಣ್ಣ ಮುಚ್ಚಿಕೊಂಡು ಆರಿಸ್ರಿ ಅಕ್ಕಾರ. ದೊಡ್ಡದು ಸಣ್ಣದು ನೋಡಬ್ಯಾಡ್ರಿ, ಕೈಯಾಗ ಯಾವುದು ಸರಿಯಾಗಿ ಕುಂದರತೈತಿ ನೋಡ್ರಿ" ಎಂದೆ. ಅವರು ಕಣ್ಣು ಮುಚ್ಚಿದರು. ಒಂದೊಂದನ್ನೂ ಎತ್ತಿ, ತೂಗಿ, ಇಟ್ಟರು. ತೂಗುತ್ತ ತೂಗುತ್ತ ಕೈ ಒಂದರ ಮೇಲೆ ನಿಂತಿತು. ಬೆರಳುಗಳು ಅದರ ಸುತ್ತ ತಾವಾಗಿ ಮಡಚಿಕೊಂಡವು. "ಇದು ಬರತೈತಿ" ಎಂದರು. ತಮ್ಮ ಆರಿಸಿ ತಂದದ್ದೇ ಅದು. ಕಣ್ಣು ತೆರೆದ ಮೇಲೆ ಅವರಿಗೂ ಗೊತ್ತಾಯಿತು. ನನ್ನನ್ನು ನೋಡಿದರು, ಕಾಯಿ ನೋಡಿದರು, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಮರುದಿನ ಹುತ್ತಕ್ಕೆ ಹಾಲೆರೆದು ಬರುವಷ್ಟರಲ್ಲಿ ಊರೆಲ್ಲ ಅಗಸಿಯ ಮುಂದೆ ಸೇರಿತ್ತು. ಆಟ ನಡೆಯುವುದು ಅಗಸಿಯಿಂದ ಹೊರಗೆ, ಹೀಗಾಗಿ ಅಣ್ಣಾರ ಆಣೆಗೂ ಭಂಗವಿರಲಿಲ್ಲ. ಅವರು ಗುಂಪಿನ ಹಿಂದೆ ಹಿಂದೆ ಬಂದರು. ನಮ್ಮ ಮನೆಯವರು ಎದುರಾಳಿ, ಎಣಿಸುವ ಕೆಲಸ ಅವರದು. ಅಕ್ಕಾರು ಗಂಡಸರ ಹಾಗೆ ತಲೆಯ ಮೇಲಿಂದ ಒಗೆಯಲಿಲ್ಲ. ಕವಣೆ ಬೀಸಿದಂತೆ ಪಕ್ಕದಿಂದ ಬೀಸಿ, ಕಾಯಿ ನೆಲಕ್ಕೆ ತಾಗಿದ ಮೇಲೂ ಬಂಡಿಯ ಜಾಡಿನಲ್ಲಿ ಉರುಳುತ್ತ ಹೋಗುವಂತೆ ಬಿಟ್ಟರು. ಮೊದಲ ನಾಲ್ಕಕ್ಕೆ ಊರು ಚಪ್ಪಾಳೆ ತಟ್ಟಿತು. ಐದು, ಆರು ಕಡಿಮೆಯಾದವು. ಏಳನೆಯದು ಕೆಸರಿನಲ್ಲಿ ಹೂತಿತು.

ಎಂಟನೆಯದು ಬಿದ್ದಾಗ ನಮ್ಮ ಮನೆಯವರು ಗಟ್ಟಿಯಾಗಿ "ಏಳು!" ಎಂದರು.

ಅಕ್ಕಾರು ನಿಂತರು. "ಎಷ್ಟಂದಿ?"

"ಏಳು."

"ಏಳು ಕೆಸರಾಗ ಬಿತ್ತು. ಇದು ಎಂಟು. ನನಗ ಭಿಕ್ಷಾ ಹಾಕಾಕತ್ತೀ ಏನಲೇ?"

ಜನ ಗೊಳ್ಳೆಂದರು. ನಮ್ಮ ಮನೆಯವರ ಮುಖ ಕೆಂಪಾಯಿತು. ಪಣದಲ್ಲಿ ತನಗೇ ಮೋಸ ಮಾಡಿಕೊಂಡು ಸಿಕ್ಕಿಬಿದ್ದವನು ನಮ್ಮ ಊರಲ್ಲಿ ಅವರೊಬ್ಬರೇ ಇರಬೇಕು.

ಒಂಬತ್ತು, ಹತ್ತು. ಮರ ಇನ್ನೂ ದೂರವೇ ಇತ್ತು. ಅಕ್ಕಾರು ಕೈಯನ್ನು ಸೀರೆಗೆ ಒರೆಸಿ, ಹಲ್ಲು ಕಚ್ಚಿ ಹನ್ನೊಂದನೆಯದನ್ನು ಬೀಸಿದರು. ಕಾಯಿ ಹೋಯಿತು, ಬಿತ್ತು, ಉರುಳಿತು. ಮರಕ್ಕೆ ಇನ್ನು ಹತ್ತು ಹೆಜ್ಜೆ ಇರುವಾಗ ಕಲ್ಲಿಗೆ ಬಡಿದು ಫಟ್ ಎಂದು ಎರಡು ಹೋಳಾಯಿತು. ಒಂದು ಅಲ್ಲೇ ಅಂಗಾತ ಬಿತ್ತು. ಇನ್ನೊಂದು ಗಾಲಿಯ ಹಾಗೆ ಓಡಿ ಬೇವಿನ ಬೇರಿಗೆ ತಾಗಿ ನಿಂತಿತು.



"ಮುಟ್ಟೇತಿ!" ಎಂದು ಕೂಗಿದರು ನಮ್ಮ ಮನೆಯವರು.

"ಎಲ್ಲಿ ಮುಟ್ಟೇತಿ?" ಎಂದರು ಅಕ್ಕಾರು. "ಅದು ಹೋಳು. ಹೋಳಿಗೆ ಲೆಕ್ಕ ಇಲ್ಲಂತ ಆರು ವರ್ಷ ಹೇಳಿದಾಂವ ನೀನ ಅಲ್ಲೇನು?"

"ಈಗ ನಾನ ಹೇಳಾಕತ್ತೇನಲ್ಲ, ಮುಟ್ಟೇತಿ!"

"ಮುಟ್ಟಿಲ್ಲ!"

ಅಕ್ಕ ತಮ್ಮ ಇಬ್ಬರೂ ತಮ್ಮ ತಮ್ಮ ಸೋಲಿಗಾಗಿ ನಡುದಾರಿಯಲ್ಲಿ ಹೊಡೆದಾಡುವುದೊಂದು ಬಾಕಿ. ಆಗ ಅಣ್ಣಾರು ಗುಂಪು ಸರಿಸಿಕೊಂಡು ಮುಂದೆ ಬಂದರು. "ಏನಂದಿ? ಇನ್ನೊಮ್ಮೆ ಅನ್ನು" ಎಂದರು.

ನಮ್ಮ ಮನೆಯವರು ತಲೆ ತಗ್ಗಿಸಿದರು. "ಮುಟ್ಟೇತಿ ಮಾಮಾ. ಇದೂ ಮುಟ್ಟೇತಿ, ಅದೂ ಮುಟ್ಟಿತ್ತು."

ಅಣ್ಣಾರು ಮರವನ್ನು ನೋಡಿದರು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. "ಹಸಿವ್ಯಾಗೇತಿ" ಎಂದು ಯಾರಿಗೂ ಕಾಯದೆ ಅಗಸಿಯ ಕಡೆ ನಡೆದರು. ಅವರು ಅಗಸಿ ದಾಟಿದ್ದನ್ನು ನೋಡಿ ಅತ್ತೆ ಕಾಲುನೋವು ಮರೆತು ಒಲೆಯ ಮುಂದೆ ಕೂತರು.

ಒಬ್ಬರು ಮಾತ್ರ ಒಪ್ಪಲಿಲ್ಲ. "ನಾ ಸೋತೇನಿ. ಮುಂದಿನ ಪಂಚಮಿಗೆ ಬಂದು ಮತ್ತ ಒಗಿತೀನಿ" ಎಂದು ಅಕ್ಕಾರು ಹಟ ಹಿಡಿದರು. ಹೇಳಿದಂತೆ ಬಂದರು, ಒಗೆದರು, ಸೋತರು. ಅದರ ಮುಂದಿನ ವರ್ಷವೂ ಬಂದರು. ಅಲ್ಲಿಂದ ಒಂದು ಪಂಚಮಿಯೂ ತಪ್ಪಲಿಲ್ಲ. ಅವರ ಆಟ ನೋಡುವುದಕ್ಕೆಂದೇ ನಾನು ಹಬ್ಬ ಮುಗಿಸಿ ತವರಿಗೆ ಹೋಗುವ ರೂಢಿ ಮಾಡಿಕೊಂಡೆ. ವರ್ಷ ಹೋದಂತೆ ಕಾಯಿ ಸಣ್ಣದಾಗುತ್ತ ಬಂತು, ಕಡೆಗೆ ಲಿಂಬೆಹಣ್ಣಾಯಿತು. ನಮ್ಮ ಮನೆಯವರು ಒಗೆಯುವ ಜಾಗವನ್ನೂ ಮರದ ಕಡೆಗೆ ಸರಿಸುತ್ತ ಸರಿಸುತ್ತ ಹೋದರು. ಕೊನೆಯ ವರ್ಷ ಅದು ಮರದಿಂದ ಇಪ್ಪತ್ತು ಹೆಜ್ಜೆಗೆ ಬಂದು ನಿಂತಿತ್ತು. ಎಪ್ಪತ್ತು ದಾಟಿದ ಅಕ್ಕಾರು ಅಲ್ಲಿಂದಲೂ ಹತ್ತು ಲಿಂಬೆಹಣ್ಣು ಮರದ ಎಡಕ್ಕೂ ಬಲಕ್ಕೂ ಒಗೆದರು. ಹನ್ನೊಂದನೆಯದನ್ನು ಪೂರಾ ತಿರುಗಿ ನಿಂತು ಪಕ್ಕದ ತೊಗರಿ ಹೊಲಕ್ಕೆ ಒಗೆದು, "ಕೈ ಜಾರಿತು" ಎಂದರು. ನಮ್ಮ ಮನೆಯವರು ಗಂಭೀರವಾಗಿ "ಸೋತಳು" ಎಂದು ಸಾರಿದರು.

ಮನೆಗೆ ಬರುವಾಗ ನಾನು ಕೇಳಿಯೇಬಿಟ್ಟೆ. "ಬೇಕಂತ ತಪ್ಪಿಸಿದ್ರಿ ಹೌದಲ್ರಿ ಅಕ್ಕಾರ?"

"ಮುಟ್ಟಿದ್ರ ಆಟ ಮುಗೀತೈತಿ ಬೇ" ಎಂದರು. "ಮುಗದ ಮ್ಯಾಲ ಮುಂದಿನ ವರ್ಷ ಏನಂತ ಹೇಳಿ ಬರ್ಲಿ?"

ಆ ಚಳಿಗಾಲದಲ್ಲಿ ಟಿಕೋಟಾದಲ್ಲಿ ಅಕ್ಕಾರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಬಲಗೈ ಹಿಡಿದು ನಾನು ಅತ್ತಷ್ಟು ನನ್ನ ಸ್ವಂತ ಅಕ್ಕನಿಗೂ ಅತ್ತಿಲ್ಲ.

ಅದಾದ ಎರಡು ವರ್ಷಕ್ಕೆ ನನ್ನ ತವರಿನಲ್ಲಿ ನನ್ನ ಅವ್ವನ ತಾಮ್ರದ ಹಂಡೆ ಯಾರಿಗೆ ಎಂಬ ಮಾತು ಎದ್ದಿತು. ಹಂಡೆ ನನಗೆಂದು ಅವ್ವ ನಾಲ್ಕು ಜನರ ಮುಂದೆ ಹೇಳಿದ್ದಳು, ಆ ನಾಲ್ಕೂ ಜನ ಬದುಕಿದ್ದರು. ಅಣ್ಣ ಕೊಡುವುದಿಲ್ಲ ಎಂದ. ನನಗೂ ಸಿಟ್ಟು ಬಂತು. ಒಂದು ಮಾತಿನಲ್ಲಿ ಗೆದ್ದು, ಹಂಡೆ ಹೊರಿಸಿಕೊಂಡು ಬರಬಹುದಿತ್ತು. ಬಾಯಿಯವರೆಗೆ ಬಂದ ಮಾತನ್ನು ನುಂಗಿ, "ಇರ್ಲಿ ತಗೋ ಅಣ್ಣಾ, ಮುಂದಿನ ಪಂಚಮಿಗೆ ಬಂದಾಗ ಮಾತಾಡೂಣಂತ" ಎಂದು ಎದ್ದೆ. ಅಣ್ಣನಿಗೆ ಈಗ ಎಂಬತ್ತಾಗಿದೆ, ಕೋಲು ಹಿಡಿದು ಪ್ರತಿ ವರ್ಷ ನನ್ನನ್ನು ಕರೆಯಲು ತಾನೇ ಬರುತ್ತಾನೆ. ಹಂಡೆಯ ಮಾತು ಇನ್ನೂ ಮುಗಿದಿಲ್ಲ.